ತೂಕ ಒಂದೇ, ರೂಪ ಬೇರೆ

ದಾವಣಗೆರೆಯಲ್ಲಿ ಬಾಳಿದವರಿಗೆ ಮಂಡಕ್ಕಿ ಭಟ್ಟಿಯನ್ನು ವರ್ಣಿಸಬೇಕಾಗಿಲ್ಲ. ಹೊರಗಿನ ಶ್ರೋತೃಗಳಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಬತ್ತವನ್ನು ಕುದಿಸಿ ಒಣಗಿಸಿ ಮಾಡಿದ ಅಕ್ಕಿಗೆ ಉಪ್ಪುನೀರು ಸೋಕಿಸಿ, ಕಾದ ಮರಳಿನ ಬಾಣಲೆಗೆ ಸುರಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಳುಗಳು ಉಬ್ಬಿ ಬೆಳ್ಳಗೆ ಅರಳುತ್ತವೆ. ಜರಡಿಯಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಎಷ್ಟೇ ಜಾಣ ಕೈಯಾದರೂ ನಡುವೆ ನಾಲ್ಕು ಅರಳದ ಕಾಳು ಉಳಿದೇ ಉಳಿಯುತ್ತವೆ. ನಾನು ಈ ಊರಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳ ಮುಂದೆ ಒಂದು ಆಟ ಆಡುತ್ತಿದ್ದೆ. ಅರಳಿದ ಒಂದು ಕಾಳು, ಅರಳದ ಒಂದು ಕಾಳು. ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅರಳುವಾಗ ಒಂದಿಷ್ಟು ತೇವ ಹಾರಿಹೋಗುತ್ತದೆಂದು ಹಠ ಹಿಡಿಯುವ ಶಿಷ್ಯ ಪ್ರತಿವರ್ಷವೂ ಒಬ್ಬನಿರುತ್ತಿದ್ದ. ಅವನ ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತಿದ್ದೆ. ಎರಡನ್ನೂ ಮಾಳಿಗೆಯ ಮೇಲಿಂದ ಒಟ್ಟಿಗೆ ಬಿಟ್ಟರೆ ಅರಳದ ಕಾಳು ನೇರವಾಗಿ ನೆಲಕ್ಕೆ ಬೀಳುತ್ತದೆ. ಮಂಡಕ್ಕಿ ತಡವಾಗಿ, ತೇಲುತ್ತ ಬರುತ್ತದೆ. ಭೂಮಿ ಎರಡನ್ನೂ ಒಂದೇ ಬಲದಿಂದ ಎಳೆಯುತ್ತಿದೆ. ಆದರೆ ಮೈ ದೊಡ್ಡದಾದುದಕ್ಕೆ ಗಾಳಿಯ ತಡೆ ಹೆಚ್ಚು. ತಕ್ಕಡಿಗೆ ಕಾಣದ ಭೇದ ಗಾಳಿಗೆ ಕಂಡಿತು.

ಅಂದು ಅದು ಬರಿಯ ಆಟವಾಗಿತ್ತು. ಅದರಲ್ಲಿ ಒಂದು ದೊಡ್ಡ ಇತಿಹಾಸವಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಒಂದು ಹಾವಿನ ನಿಮಿತ್ತದಿಂದ.

ದಾವಣಗೆರೆಗೂ ಹರಿಹರಕ್ಕೂ ನಡುವೆ, ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳಲ್ಲಿ, ನಮ್ಮ ಮನೆತನದ ತುಂಡು ನೆಲವೊಂದುಂಟು. ಅದನ್ನು ನೋಡಿಕೊಳ್ಳುವ ಹಿರಿಯರೊಬ್ಬರಿಗೆ ಕೆಲವು ವರ್ಷಗಳ ಹಿಂದೆ, ಬತ್ತದ ಕೊಯ್ಲಿನ ಕಾಲದಲ್ಲಿ, ಕೊಳಕುಮಂಡಲ ಕಚ್ಚಿತು. ಆಸ್ಪತ್ರೆಗೆ ಸೇರಿಸಿದೆವು. ಪ್ರತಿವಿಷದ ಸೀಸೆಗಳು ಒಂದರ ಹಿಂದೊಂದು ಖಾಲಿಯಾದವು. ರಕ್ತ ಹೆಪ್ಪುಗಟ್ಟಲು ಒಲ್ಲದು; ಮೂತ್ರ ಕಟ್ಟಿತು. ಹತ್ತಾರು ದಿನ ಮೃತ್ಯುವಿನ ಹೊಸ್ತಿಲಲ್ಲಿದ್ದು ಅವರು ಬದುಕಿ ಬಂದರು, ಒಂದು ಬೆರಳನ್ನು ಕಳೆದುಕೊಂಡು. ಆ ದಿನಗಳಲ್ಲಿ ರಾತ್ರಿ ಪಾಳಿಯ ಕಿರಿಯ ವೈದ್ಯರೊಬ್ಬರು, ಬೇಸರದಲ್ಲೋ ದಣಿವಿನಲ್ಲೋ, ನನ್ನೊಡನೆ ಒಂದು ಮಾತು ಆಡಿದರು: ‘ದೇಶಕ್ಕೆಲ್ಲ ಮದ್ದು ಒಂದೇ ಸಾರ್, ವಿಷ ಮಾತ್ರ ಸೀಮೆಗೊಂದು ಥರ.’ ಆ ಮಾತು ನನ್ನನ್ನು ಬಿಡಲಿಲ್ಲ. ವಿಷ ಬೇರೆ ಎಂದು ಹೇಳುವುದು ಹೇಗೆ? ಬಣ್ಣದಿಂದಲ್ಲ, ವಾಸನೆಯಿಂದಲ್ಲ. ಅದನ್ನು ಓದಬೇಕು. ಆ ಓದಿನ ವಿದ್ಯೆ ಹೇಗೆ ಬೆಳೆಯಿತೆಂಬುದನ್ನು ನನಗೆ ತಿಳಿದಮಟ್ಟಿಗೆ ಇಂದು ಹೇಳುತ್ತೇನೆ.

ಹಾವಿನ ವಿಷವೆಂಬುದು ಒಂದು ವಸ್ತುವಲ್ಲ. ಹತ್ತಾರು ಪ್ರೋಟೀನುಗಳ, ಪೆಪ್ಟೈಡುಗಳೆಂಬ ಕಿರಿಯ ಪ್ರೋಟೀನುಗಳ ಬೆರಕೆ. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರ. ಜೀವಜಗತ್ತು ಸಾಮಾನ್ಯವಾಗಿ ಬಳಸುವ ಅಮೈನೋ ಆಮ್ಲಗಳು 20, ಇವನ್ನು ಅಕ್ಷರಗಳೆನ್ನೋಣ. ನಮ್ಮ ವರ್ಣಮಾಲೆಯ ಅರ್ಧವೂ ಇಲ್ಲದ ಈ ಅಕ್ಷರಗಳಿಂದಲೇ ಕೂದಲು, ರಕ್ತ, ರೇಷ್ಮೆ, ವಿಷ ಎಲ್ಲವೂ ಬರೆಯಲ್ಪಟ್ಟಿವೆ. ಯಾವ ಅಕ್ಷರದ ಮುಂದೆ ಯಾವ ಅಕ್ಷರ ಎಂಬ ಅನುಕ್ರಮವೇ ಆ ವಸ್ತುವಿನ ಗುಣವನ್ನು ನಿರ್ಣಯಿಸುತ್ತದೆ.

ಈ ಅನುಕ್ರಮವನ್ನು ಮೊದಲು ಓದಿ ತೋರಿಸಿದವರು ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರ್. ಅವರು ಕೈಗೆತ್ತಿಕೊಂಡದ್ದು ದನದ ಇನ್ಸುಲಿನ್ನು, 51 ಅಕ್ಷರಗಳ ವಸ್ತು. ಹರಿಹರೇಶ್ವರನ ಗುಡಿಯನ್ನು ಕಂಡವರಿಗೆ ಸ್ಯಾಂಗರರ ವಿಧಾನವನ್ನು ತಿಳಿಸುವುದು ಸುಲಭ. 1224ರ ಆ ಹೊಯ್ಸಳ ದೇಗುಲದ ಆವರಣದಲ್ಲಿ ಶಾಸನಗಳುಂಟು, ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ ಅವನ್ನು ಅಚ್ಚುಹಾಕಿಸಿದರು. ಒಂದೇ ಶಾಸನದ ಹಲವು ಪ್ರತಿಗಳಿದ್ದು, ಅವೆಲ್ಲ ಬೇರೆಬೇರೆ ಕಡೆ ಒಡೆದಿವೆ ಎಂದು ಭಾವಿಸಿರಿ. ಒಂದು ತುಂಡಿನ ಕೊನೆ ಇನ್ನೊಂದು ತುಂಡಿನ ಆದಿಯ ಮೇಲೆ ಹೊಂದುತ್ತದೆ. ಹೊಂದಿಸುತ್ತ ಹೋದರೆ ಪೂರ್ಣಪಾಠ ದೊರೆಯುತ್ತದೆ. ಸ್ಯಾಂಗರ್ ಮಾಡಿದ್ದು ಇದನ್ನೇ. ಇನ್ಸುಲಿನ್ನನ್ನು ತುಂಡರಿಸಿ, ತುಂಡಿನ ಮೊದಲ ಅಕ್ಷರಕ್ಕೆ ಹಳದಿಯಾಗುವ ಒಂದು ರಾಸಾಯನಿಕವನ್ನು ಅಂಟಿಸಿ, ಅದನ್ನು ಗುರುತಿಸುತ್ತ, ಹತ್ತು ವರ್ಷಗಳ ದುಡಿಮೆಯಿಂದ 1955ರ ವೇಳೆಗೆ ಪೂರ್ಣಪಾಠವನ್ನು ಕೊಟ್ಟರು. 1958ರಲ್ಲಿ ನೊಬೆಲ್ ಬಂದಿತು. ಪ್ರೋಟೀನಿಗೆ ಖಚಿತವಾದ ಅನುಕ್ರಮವಿದೆಯೇ ಎಂಬುದೇ ಅದುವರೆಗೆ ಅನೇಕರಿಗೆ ಸಂದೇಹವಾಗಿತ್ತು.

ಸ್ವೀಡನ್ನಿನ ಪೇರ್ ಎಡ್ಮನ್ 1950ರಲ್ಲಿ ಇನ್ನೊಂದು ದಾರಿ ತೋರಿಸಿದರು: ಸರದ ತುದಿಯಿಂದ ಒಂದೊಂದೇ ಮಣಿಯನ್ನು ಕಳಚಿ ಗುರುತಿಸುವುದು. ಬಹುಕಾಲ ಇದೇ ರಾಜಮಾರ್ಗವಾಯಿತು. ಆದರೆ ಇದಕ್ಕೆ ಶುದ್ಧವಾದ ವಸ್ತು ಬೇಕು, ನಿಧಾನ ಬೇಕು. ಮೇಲಾಗಿ ಸರದ ತುದಿಯಲ್ಲಿ ಪ್ರಕೃತಿಯೇ ಬಿರಡೆ ಹಾಕಿಬಿಟ್ಟಿದ್ದರೆ ಮೊದಲ ಮಣಿಯೇ ಕಳಚದು. ವಿಷಗಳಲ್ಲಿ ಇಂಥ ಬಿರಡೆ ಹಾಕಿದ ಸರಗಳು ಅಪರೂಪವಲ್ಲ.

ಇಲ್ಲಿಗೆ ತಕ್ಕಡಿ ಪ್ರವೇಶಿಸುತ್ತದೆ. ಅಣುವನ್ನು ತೂಗುವ ವಿದ್ಯೆ ಹುಟ್ಟಿದ್ದೂ ಕೇಂಬ್ರಿಜ್ಜಿನಲ್ಲಿಯೇ, ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ. ಜೆ.ಜೆ. ಥಾಮ್ಸನ್ ಅವರು ವಿದ್ಯುದಾವೇಶ ಹೊತ್ತ ಅಣುಗಳನ್ನು, ಎಂದರೆ ಅಯಾನುಗಳನ್ನು, ನಿರ್ವಾತದಲ್ಲಿ ಓಡಿಸಿ ವಿದ್ಯುತ್ತು ಮತ್ತು ಅಯಸ್ಕಾಂತಗಳಿಂದ ಬಾಗಿಸಿದರು. ಹಗುರವಾದುದು ಹೆಚ್ಚು ಬಾಗುತ್ತದೆ, ಭಾರವಾದುದು ಕಡಿಮೆ. 1913ರ ಹೊತ್ತಿಗೆ ನಿಯಾನ್ ಅನಿಲದಲ್ಲಿ 20ರ ತೂಕದ ಮತ್ತು 22ರ ತೂಕದ ಎರಡು ಬಗೆ ಇವೆಯೆಂದು ಹೀಗೆಯೇ ಗೊತ್ತಾಯಿತು. ಅವರ ಶಿಷ್ಯ ಆಸ್ಟನ್ 1919ರಲ್ಲಿ ಉಪಕರಣವನ್ನು ತಿದ್ದಿ ಕಟ್ಟಿದರು. 1922ರಲ್ಲಿ ನೊಬೆಲ್ ಪಡೆದರು. ಇದೇ ಇಂದಿನ ಮಾಸ್ ಸ್ಪೆಕ್ಟ್ರೋಮೀಟರಿನ, ದ್ರವ್ಯರಾಶಿ ರೋಹಿತಮಾಪಕದ, ಮೂಲ.

ಅನಿಲವನ್ನು ತೂಗುವುದು ಸರಿ; ಪ್ರೋಟೀನನ್ನು ತೂಗುವುದು ಹೇಗೆ? ಅದು ಹಾರುವ ವಸ್ತುವಲ್ಲ. ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ, ಇಲ್ಲವೇ ಕರಿಕಾಗುತ್ತದೆ. ಈ ಗೋಡೆ ಒಡೆದದ್ದು 1980ರ ದಶಕದಲ್ಲಿ. ಜಪಾನಿನ ಕ್ಯೋಟೋ ನಗರದ ಶಿಮಾಡ್ಜು ಕಂಪನಿಯಲ್ಲಿ ಕೊಯಿಚಿ ತನಾಕಾ ಎಂಬ ಎಂಜಿನಿಯರು ಲೋಹದ ನಯವಾದ ಪುಡಿಗೆ ಪ್ರಮಾದದಿಂದ ಗ್ಲಿಸರಿನ್ ಬೆರೆಸಿಬಿಟ್ಟರು. ಚೆಲ್ಲುವುದು ದಂಡವೆನಿಸಿ, ಇರಲಿ ನೋಡೋಣವೆಂದು ಅದರ ಮೇಲೆಯೇ ಲೇಸರ್ ಕಿರಣ ಹಾಯಿಸಿದರು. ದೊಡ್ಡ ಅಣುಗಳು ಮುರಿಯದೆ ಮೇಲೆದ್ದವು. ನಮ್ಮ ಅಜ್ಜಿಯರು ಅನ್ನದ ಅಗುಳನ್ನೂ ಚೆಲ್ಲಗೊಡದ ಬುದ್ಧಿಯೇ ಅಲ್ಲಿಯೂ ಕೆಲಸ ಮಾಡಿತೆಂದು ನನಗೆ ಸಂತೋಷ. ಅಮೆರಿಕದಲ್ಲಿ ಜಾನ್ ಫೆನ್ ಬೇರೊಂದು ಉಪಾಯ ಹೂಡಿದರು: ಪ್ರೋಟೀನಿನ ದ್ರಾವಣವನ್ನು ಸೂಜಿಯ ತುದಿಯಿಂದ ಆವೇಶಭರಿತ ತುಂತುರಾಗಿ ಚಿಮ್ಮಿಸಿ, ಹನಿಯನ್ನು ಆರಿಸಿದರೆ ಅಣುವೊಂದೇ ಆವೇಶ ಹೊತ್ತು ಉಳಿಯುತ್ತದೆ. ಆನೆಗಳಿಗೆ ರೆಕ್ಕೆ ಕಟ್ಟಿದಂತಾಯಿತೆಂದು ಅವರೇ ಆಮೇಲೆ ವಿನೋದ ಮಾಡಿದರು. 2002ರಲ್ಲಿ ಇಬ್ಬರೂ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಫೆನ್ ಅವರಿಗೆ ಆಗ 85 ವರ್ಷ. ತನಾಕಾ ಅವರಿಗೆ 43, ಡಾಕ್ಟರೇಟ್ ಪದವಿಯೂ ಇರಲಿಲ್ಲ.

ತೂಗಿದ ಮಾತ್ರಕ್ಕೆ ಓದಿದಂತಾಗಲಿಲ್ಲವಷ್ಟೆ. ಓದುವ ಬಗೆ ಹೀಗೆ. ಪ್ರತಿ ಅಕ್ಷರಕ್ಕೂ ತನ್ನ ತೂಕವುಂಟು: ಗ್ಲೈಸೀನಿಗೆ 57, ಅಲನೀನಿಗೆ 71, ವ್ಯಾಲೀನಿಗೆ 99, ಹೀಗೆ. ಒಂದೇ ಸರದ ಲಕ್ಷಾಂತರ ಪ್ರತಿಗಳನ್ನು ಅನಿಲಕ್ಕೆ ಢಿಕ್ಕಿ ಹೊಡೆಸಿ ಮುರಿಯುತ್ತಾರೆ. ಒಂದು ಪ್ರತಿ ಒಂದು ಕಡೆ ಮುರಿದರೆ ಇನ್ನೊಂದು ಮತ್ತೊಂದು ಕಡೆ. ತುಂಡುಗಳ ತೂಕ 57, 128, 227 ಎಂದು ಬಂದಿತೆನ್ನಿ. 57 ಗ್ಲೈಸೀನು, 128ರಲ್ಲಿ 57 ಕಳೆದರೆ 71, ಅಲನೀನು, 227ರಲ್ಲಿ 128 ಕಳೆದರೆ 99, ವ್ಯಾಲೀನು. ಮೂರಕ್ಷರದ ಪದ ಓದಿಯಾಯಿತು. ಲೆಕ್ಕ ಸರಳ, ಕಿರಾಣಿ ಅಂಗಡಿಯವನ ಲೆಕ್ಕ. ಮೋಸವೂ ಅಲ್ಲಿನಂತೆಯೇ ಇದೆ. ನಡುವಿನ ಒಂದು ಕಡೆ ಸರ ಮುರಿಯದೆ, 57ರ ತುಂಡು ದೊರೆಯದೆ ಹೋದರೆ, 128 ಎಂಬುದು ಗ್ಲೈಸೀನು ಅಲನೀನುಗಳ ಜೋಡಿಯೋ, ಗ್ಲುಟಮೀನ್ ಎಂಬ ಒಂದೇ ಅಕ್ಷರವೋ ತೂಕದಿಂದ ಹೇಳಲಾಗದು. ಎರಡರಲ್ಲೂ ಇರುವ ಪರಮಾಣುಗಳ ಲೆಕ್ಕ ಪೂರ್ತಿ ಒಂದೇ. ಲೈಸೀನಿನ ತೂಕವೂ 128. ಆದರೆ ದಶಮಾಂಶಕ್ಕೆ ಹೋದರೆ ಒಂದು 128.06, ಇನ್ನೊಂದು 128.09. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ಕಟ್ಟಿದ ಹಿರಿಯರಿಗೆ ದಶಮಾಂಶದ ಎರಡನೆಯ ಸ್ಥಾನದ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ನವುರಾದ ತಕ್ಕಡಿಯಿದ್ದರೆ ಈ ಎರಡನ್ನು ಬೇರ್ಪಡಿಸಬಹುದು.

ಎಷ್ಟು ನವುರಾದ ತಕ್ಕಡಿಯಿಂದಲೂ ಬೇರ್ಪಡದ ಜೋಡಿಯೊಂದಿದೆ. ಲ್ಯೂಸೀನು ಮತ್ತು ಐಸೋಲ್ಯೂಸೀನು. ಎರಡರ ತೂಕವೂ 113.084. ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆ. ಒಂದರಲ್ಲಿ ಕವಲು ಕೊಂಬೆಯ ತುದಿಯಲ್ಲಿ ಒಡೆದಿದೆ, ಇನ್ನೊಂದರಲ್ಲಿ ಒಂದು ಗೆಣ್ಣು ಈಚೆಗೆ. ಅಷ್ಟೇ ಭೇದ. ಹಳೆಯ ಶಾಸನದಲ್ಲಿ ಕಲ್ಲು ಸವೆದಾಗ ಪಕಾರವೋ ವಕಾರವೋ ತಿಳಿಯದೆ ವಿದ್ವಾಂಸರು ತಿಣುಕುವುದುಂಟು. ‘ಪರ’ ಎಂದು ಓದಬೇಕಾದಲ್ಲಿ ‘ವರ’ ಎಂದು ಓದಿದರೆ ದಾನ ಕೊಟ್ಟವನು ಯಾರು, ಪಡೆದವನು ಯಾರು ಎಂಬುದೇ ಅದಲುಬದಲಾದೀತು. ವಿಷದ ಪೆಪ್ಟೈಡನ್ನು ಓದಿ, ಅದರ ಪಾಠದಂತೆ ಪ್ರಯೋಗಾಲಯದಲ್ಲಿ ಔಷಧ ತಯಾರಿಸ ಹೊರಟವರಿಗೆ ಇದು ಪಂಡಿತರ ಜಗಳವಲ್ಲ. ಒಂದು ಅಕ್ಷರ ತಪ್ಪಿದರೆ ತಯಾರಾದ ವಸ್ತು ಕೆಲಸ ಮಾಡದೆಯೂ ಹೋಗಬಹುದು.

ಈ ಘಟ್ಟದಲ್ಲಿ ಕಥೆ ನಮ್ಮ ನಾಡಿಗೆ ಬರುತ್ತದೆ. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಅವರು 1970ರ ದಶಕದ ಆದಿಯಲ್ಲಿ ಅಣುಜೈವಿಕ ಭೌತಶಾಸ್ತ್ರದ ವಿಭಾಗವೊಂದನ್ನು ಕಟ್ಟಿದರು. ಪ್ರೋಟೀನುಗಳ ಮಡಿಕೆಯನ್ನು ಬಲ್ಲ ಜಗತ್ತಿನ ಎಲ್ಲ ವಿದ್ಯಾರ್ಥಿಗಳೂ ಅವರ ಹೆಸರಿನ ನಕ್ಷೆಯನ್ನು ಬಲ್ಲರು. ಆ ವಿಭಾಗಕ್ಕೆ ತರುಣರಾಗಿ ಬಂದ ಪಿ. ಬಾಲರಾಮ್ ಅವರು ಪೆಪ್ಟೈಡುಗಳ ಅಧ್ಯಯನವನ್ನೇ ಜೀವನದ ಕೆಲಸ ಮಾಡಿಕೊಂಡರು. 2005ರಿಂದ 2014ರವರೆಗೆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಅವರು ಕೆ.ಎಸ್. ಕೃಷ್ಣನ್ ಅವರೊಡನೆ ಕೂಡಿ ಓದಲು ಹೊರಟದ್ದು ಒಂದು ವಿಚಿತ್ರ ಪ್ರಾಣಿಯ ವಿಷವನ್ನು. ಅದು ದಕ್ಷಿಣ ಭಾರತದ ಕಡಲಂಚಿನ ಕೋನಸ್ ಎಂಬ ಬಸವನಹುಳು. ಚಿಪ್ಪು ಶಂಕುವಿನ ಆಕಾರದ್ದು, ಮೇಲೆ ಚಿತ್ತಾರ. ಮಕ್ಕಳು ಆಟಕ್ಕೆ ಎತ್ತಿಕೊಳ್ಳುವಷ್ಟು ಚೆಲುವು. ತೆವಳುವ ಈ ಹುಳು ಈಜುವ ಮೀನನ್ನು ಹಿಡಿಯುವುದೆಂದರೆ ನಂಬುವುದು ಕಷ್ಟ. ಈಟಿಯಂಥ ಟೊಳ್ಳು ಹಲ್ಲನ್ನು ಚುಚ್ಚಿ ವಿಷ ಇಳಿಸುತ್ತದೆ, ಮೀನು ಸ್ತಬ್ಧವಾಗುತ್ತದೆ. ಒಂದೊಂದು ಜಾತಿಯ ಹುಳುವಿನ ವಿಷದಲ್ಲಿ ನೂರಕ್ಕೂ ಮಿಗಿಲಾದ ಪೆಪ್ಟೈಡುಗಳು. ಫಿಲಿಪೀನ್ಸ್ ಮೂಲದ ಬಾಲ್ಡೊಮೆರೊ ಒಲಿವೆರಾ ಅವರ ಬಳಗ ಅಮೆರಿಕದಲ್ಲಿ ಗುರುತಿಸಿದ ಇಂಥ 25 ಅಕ್ಷರಗಳ ಒಂದು ಪೆಪ್ಟೈಡು ಜಿಕೊನೊಟೈಡ್ ಎಂಬ ಹೆಸರಿನಿಂದ, ಮಾರ್ಫೀನಿಗೂ ಮಣಿಯದ ನೋವಿಗೆ ಔಷಧವಾಗಿ, 2004ರಲ್ಲಿ ಅಲ್ಲಿ ಮಾನ್ಯತೆ ಪಡೆಯಿತು. ನಮ್ಮ ಕಡಲಿನ ಹುಳುಗಳು ಏನನ್ನು ಬರೆದಿಟ್ಟಿವೆ ಎಂದು ನೋಡುವ ಆಸೆ ಸಹಜವೇ.

ಬಾಲರಾಮ್ ಅವರ ಬಳಗ 2008ರಲ್ಲಿ ಕೋನಸ್ ಅಕಾಟಿನಸ್ ಎಂಬ ಜಾತಿಯ ಪೆಪ್ಟೈಡುಗಳನ್ನು ತೂಕದ ವಿದ್ಯೆಯಿಂದಲೂ ಜೀನಿನ ಪಾಠದಿಂದಲೂ ಜೊತೆಜೊತೆಯಾಗಿ ಓದಿತು. ಜೀನನ್ನು ಓದಿದ ಮೇಲೆ ತೂಗುವುದೇಕೆ ಎಂದು ಕೇಳಬಹುದು. ಜೀನು ಹಸ್ತಪ್ರತಿಯಿದ್ದಂತೆ, ಅಚ್ಚಾದ ಮೇಲೆ ಪ್ರಾಣಿ ತಿದ್ದುಪಡಿ ಮಾಡುತ್ತದೆ. ಪ್ರೋಲೀನ್ ಎಂಬ ಅಕ್ಷರಕ್ಕೆ ಒಂದು ಆಮ್ಲಜನಕವನ್ನು ಅಂಟಿಸಿ ಹೈಡ್ರಾಕ್ಸಿಪ್ರೋಲೀನ್ ಮಾಡುವುದು ಅಂಥ ಒಂದು ತಿದ್ದುಪಡಿ. ಅದರ ತೂಕವೂ ಇಡಿ ಸಂಖ್ಯೆಯಲ್ಲಿ 113! ನಮ್ಮ ಚರ್ಮ ಮೂಳೆಗಳ ಕೊಲಾಜೆನ್ನಿನಲ್ಲಿ ಈ ಅಕ್ಷರ ಹೇರಳ. ಆ ಕೊಲಾಜೆನ್ನಿನ ಮೂರೆಳೆಯ ಹುರಿಯನ್ನು 1950ರ ದಶಕದಲ್ಲಿ ಮದರಾಸಿನಲ್ಲಿ ಕಂಡುಹಿಡಿದವರು ಅದೇ ರಾಮಚಂದ್ರನ್. ಗುರುವಿನ ಅಕ್ಷರವೇ ಅವರು ಕಟ್ಟಿದ ವಿಭಾಗದ ಮುಂದಿನವರಿಗೆ ಒಗಟಾಯಿತೆನ್ನಬೇಕು.

2012ರಲ್ಲಿ ಬಾಲರಾಮ್ ಮತ್ತು ಸಂಗಡಿಗರು ಈ ಮೂರು 113ಗಳನ್ನು ಬೇರ್ಪಡಿಸುವ ದಾರಿಯನ್ನು ಪ್ರಕಟಿಸಿದರು. ಸರವನ್ನು ಮೊದಲು ಎಲೆಕ್ಟ್ರಾನ್ ವರ್ಗಾವಣೆಯಿಂದ ಮುರಿಯುವುದು. ಆ ತುಂಡನ್ನು ಮತ್ತೆ ಢಿಕ್ಕಿಯಿಂದ ಒಡೆಯುವುದು. ಆಗ ಮಣಿಯ ಪಕ್ಕದ ಕೊಂಬೆ ಕಳಚಿ ಬೀಳುತ್ತದೆ. ಲ್ಯೂಸೀನಿನಿಂದ ಬೀಳುವ ಚೂರಿನ ತೂಕ 43. ಐಸೋಲ್ಯೂಸೀನಿನಿಂದ ಬೀಳುವುದು 29. ಇಡಿಯಾಗಿ ತೂಗಿದಾಗ ಒಂದೇ ಆಗಿದ್ದವು, ಕೊಂಬೆ ಮುರಿದಾಗ ತಮ್ಮ ಗುರುತು ಹೇಳಿದವು. ಈ ವಿವರವನ್ನು ಓದಿದ ದಿನ ನನಗೆ ಒಳ್ಳೆಯ ಪದ್ಯ ಓದಿದಷ್ಟೇ ಹಿತವಾಯಿತು ಎಂದರೆ ಸಾಹಿತ್ಯದ ಮಿತ್ರರು ಮುನಿಸಿಕೊಳ್ಳಬಾರದು.

ಇಷ್ಟಾದರೂ ತೂಕದ ಕೈಗೆ ಸಿಗದ ಸಂಗತಿಗಳು ಉಳಿಯುತ್ತವೆ. ಕೈಗಳಲ್ಲಿ ಎಡಬಲ ಇದ್ದಂತೆ ಅಮೈನೋ ಆಮ್ಲಗಳಲ್ಲಿಯೂ ಎಡಗೈಯದು ಬಲಗೈಯದು ಎಂಬ ಭೇದವುಂಟು. ಜೀವಿಗಳು ಪ್ರೋಟೀನಿಗೆ ಬಳಸುವುದು ಸಾಮಾನ್ಯವಾಗಿ ಎಡಗೈಯದನ್ನು. ಕೋನಸ್ ಹುಳು ಕಾಂಟ್ರಿಫಾನ್ ಎಂಬ ಪೆಪ್ಟೈಡುಗಳಲ್ಲಿ ಒಂದು ಅಕ್ಷರವನ್ನು ಬಲಗೈಯದಾಗಿ ತಿರುಗಿಸಿಬಿಡುತ್ತದೆ. ತೂಕದಲ್ಲಿ ಕೂದಲೆಳೆಯ ವ್ಯತ್ಯಾಸವೂ ಆಗುವುದಿಲ್ಲ. ಇನ್ನೊಂದು: ಈ ಪೆಪ್ಟೈಡುಗಳು ಗಂಧಕದ ಕೊಂಡಿಗಳಿಂದ ತಮ್ಮನ್ನು ತಾವೇ ಕಟ್ಟಿಕೊಂಡು ಮಡಿಚಿಕೊಂಡಿರುತ್ತವೆ. ಮೊದಲನೆಯದಕ್ಕೆ ಮೂರನೆಯದು ಕಟ್ಟಿದರೆ ಉಂಡೆಯಂತೆ. ಮೊದಲನೆಯದಕ್ಕೆ ನಾಲ್ಕನೆಯದು ಕಟ್ಟಿದರೆ ಪಟ್ಟಿಯಂತೆ. ಅಕ್ಷರ ಅವೇ, ಅನುಕ್ರಮ ಅದೇ, ತೂಕ ಅಷ್ಟೇ. ಗುಣ ಮಾತ್ರ ಬೇರೆ.

ಈಗ ಮಾಳಿಗೆಯ ಮೇಲಿಂದ ಬಿಟ್ಟ ಎರಡು ಕಾಳುಗಳನ್ನು ನೆನೆಯಿರಿ. ಅಯಾನುಗಳನ್ನು ನಿರ್ವಾತದಲ್ಲಲ್ಲ, ಹೀಲಿಯಮ್ ಅಥವಾ ಸಾರಜನಕ ತುಂಬಿದ ಕೊಳವೆಯಲ್ಲಿ ವಿದ್ಯುತ್ತಿನಿಂದ ಎಳೆಯುತ್ತಾರೆ. ಆವೇಶ ಸಮನಾದುದರಿಂದ ಎಳೆತ ಸಮ. ಉಬ್ಬಿದ ಮೈಯ ಅಯಾನು ಅನಿಲದ ಅಣುಗಳಿಗೆ ಹೆಚ್ಚು ಸಲ ಢಿಕ್ಕಿ ಹೊಡೆದು ತಡವಾಗಿ ಬರುತ್ತದೆ. ಮುದುಡಿಕೊಂಡದ್ದು ಬೇಗ ಬರುತ್ತದೆ. ಭೇದ ಸೆಕೆಂಡಿನ ಸಾವಿರದ ಭಾಗಗಳಲ್ಲಿ. ಇದರ ಹೆಸರು ಅಯಾನು ಚಲನಶೀಲತೆಯ ಮಾಪನ. ಕೊಳವೆಯ ಆಚೆ ತುದಿಗೆ ತಕ್ಕಡಿಯನ್ನು ಜೋಡಿಸಿದರೆ ರೂಪವೂ ತೂಕವೂ ಒಟ್ಟಿಗೆ ಗೊತ್ತಾಗುತ್ತವೆ.

ಸೋಜಿಗವೆಂದರೆ ಈ ವಿದ್ಯೆಯ ತವರೂ ಅದೇ ಕ್ಯಾವೆಂಡಿಶ್. ಎಕ್ಸ್-ಕಿರಣಗಳ ಸುದ್ದಿ ಬಂದ ಬೆನ್ನಿಗೆ, 1896-97ರಲ್ಲಿ, ಅದೇ ಥಾಮ್ಸನ್ನರೂ ತರುಣ ರುದರ್‌ಫರ್ಡರೂ ಅನಿಲದಲ್ಲಿ ಅಯಾನು ಓಡುವ ವೇಗವನ್ನು ಅಳೆಯುತ್ತಿದ್ದರು. ಫ್ರಾನ್ಸಿನ ಲಾಂಜವ್ಯಾಂ 1905ರಲ್ಲಿ ಅದಕ್ಕೆ ಗಣಿತ ಕೊಟ್ಟರು. ಆಮೇಲೆ ತೂಕದ ವಿದ್ಯೆ ಅರಮನೆ ಸೇರಿತು. ವೇಗದ ವಿದ್ಯೆ ಅಜ್ಞಾತವಾಸ ಮಾಡಿತು. 1970ರಲ್ಲಿ ಕೋಹೆನ್ ಮತ್ತು ಕಾರಸೆಕ್ ಅವರು ಅದನ್ನು ವಸ್ತುಗಳನ್ನು ಪತ್ತೆಹಚ್ಚುವ ಉಪಕರಣವಾಗಿ ಪರಿಚಯಿಸಿದರು. ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲವನ್ನು ಬಟ್ಟೆಯ ಚೂರಿನಿಂದ ಒರೆಸಿ ಪೆಟ್ಟಿಗೆಯೊಂದಕ್ಕೆ ತುರುಕಿ ಸ್ಫೋಟಕವಿದೆಯೇ ಎಂದು ನೋಡುತ್ತಾರಲ್ಲ, ಆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಇದೇ ಕೊಳವೆ. ಜೀವದ ಅಣುಗಳ ಕಡೆಗೆ ಅದು ತಿರುಗಿದ್ದು 1990ರ ದಶಕದಲ್ಲಿ. 1995ರಲ್ಲಿ ಕ್ಲೆಮರ್, ಹಡ್ಗಿನ್ಸ್, ಜಾರೋಲ್ಡ್ ಎಂಬ ಮೂವರು ಸೈಟೋಕ್ರೋಮ್-ಸಿ ಎಂಬ ಪ್ರೋಟೀನನ್ನು ಕೊಳವೆಯಲ್ಲಿ ಹಾಯಿಸಿ, ಒಂದೇ ತೂಕದ ಒಂದೇ ವಸ್ತು ಹಲವು ಮಡಿಕೆಗಳಲ್ಲಿ ಹಲವು ವೇಗಗಳಿಂದ ಬರುವುದನ್ನು ತೋರಿಸಿದರು. 2006ರಲ್ಲಿ ಎರಡೂ ಕೂಡಿದ ಯಂತ್ರ ಮಾರುಕಟ್ಟೆಗೆ ಬಂದಿತು. ಲ್ಯೂಸೀನು ಐಸೋಲ್ಯೂಸೀನುಗಳಂಥ ಅಣ್ಣತಮ್ಮಂದಿರ ನಡುವೆ ವೇಗದ ವ್ಯತ್ಯಾಸ ಅತಿ ಕಿರಿದು. ಉದ್ದನೆಯ ಓಟ ಬೇಕು. ಅದಕ್ಕಾಗಿ 2019ರಲ್ಲಿ ಬಂದ ಯಂತ್ರದಲ್ಲಿ ಕೊಳವೆಯನ್ನು ವರ್ತುಲವಾಗಿ ಬಾಗಿಸಿ, ಅಯಾನುಗಳನ್ನು ಸುತ್ತಿನ ಮೇಲೆ ಸುತ್ತು ಓಡಿಸುತ್ತಾರೆ. ಪ್ರತಿ ಸುತ್ತಿಗೂ ಹಿಂದುಳಿದವನು ಇನ್ನಷ್ಟು ಹಿಂದುಳಿಯುತ್ತಾನೆ. ಬೆಂಗಳೂರಿನವರು ಕೊಂಬೆ ಮುರಿದು ಕೇಳಿದ ಪ್ರಶ್ನೆಯನ್ನೇ ಇವರು ಮೈಯನ್ನು ಇಡಿಯಾಗಿಟ್ಟು ಗಾಳಿಯಲ್ಲಿ ಕೇಳುತ್ತಾರೆ. ಯಾವುದು ಮೇಲೆಂಬ ವಾದ ಬೇಡ; ಒಂದಕ್ಕೊಂದು ಸಾಕ್ಷಿ.

ತೂಕದ ಓದಿನಲ್ಲಿ ಅವಸರವೂ ಸಲ್ಲದು. 2014ರ ಮೇ ತಿಂಗಳಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಅಖಿಲೇಶ್ ಪಾಂಡೆಯವರ ಮುಂದಾಳುತನದಲ್ಲಿ ಮಾನವ ದೇಹದ ಪ್ರೋಟೀನುಗಳ ಕರಡು ನಕ್ಷೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 30 ಬಗೆಯ ಮಾನವ ಮಾದರಿಗಳು. 17,294 ಜೀನುಗಳ ಪ್ರೋಟೀನುಗಳು. ನಾಡಿಗೆ ಹೆಮ್ಮೆಯ ಕೆಲಸ. ಅದೇ ವರ್ಷವೇ ಬೇರೆ ವಿಜ್ಞಾನಿಗಳು ಆಕ್ಷೇಪವೆತ್ತಿದರು: ಮೂಗಿನಲ್ಲಿ ಮಾತ್ರ ಇರಬೇಕಾದ ವಾಸನೆಗ್ರಾಹಕ ಪ್ರೋಟೀನುಗಳು ಮೂಗಿಲ್ಲದ ಮಾದರಿಗಳಲ್ಲಿ ದೊರೆತದ್ದು ಹೇಗೆ? ತುಂಡುಗಳ ತೂಕವನ್ನು ಬೇರೆ ಸರದ ತೂಕವೆಂದು ಓದಿರಬಹುದಲ್ಲವೆ? ಆ ಆಕ್ಷೇಪದಲ್ಲಿ ಹುರುಳಿದೆಯೆಂದೇ ನನ್ನ ಮತ. ನಕ್ಷೆಯ ಬೆಲೆ ಅದರಿಂದ ಇಲ್ಲವಾಗುವುದಿಲ್ಲ. ಕರಡು ಎಂದು ಅವರೇ ಕರೆದಿದ್ದರು.

ಇನ್ನು ನನ್ನನ್ನು ಈ ದಾರಿಗೆ ಹಚ್ಚಿದ ಕೊಳಕುಮಂಡಲಕ್ಕೆ ಮರಳುತ್ತೇನೆ. ನಮ್ಮ ದೇಶದ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ತೆಗೆಯುತ್ತಾರೆ. 1890ರ ದಶಕದಿಂದ ತತ್ತ್ವ ಬದಲಾಗಿಲ್ಲ. ಆ ವಿಷದ ಬಹುಪಾಲು ಬರುವುದು ತಮಿಳುನಾಡಿನಲ್ಲಿ ಚೆನ್ನೈ ಬಳಿ 1978ರಲ್ಲಿ ಸ್ಥಾಪನೆಯಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಅವರ ಕೌಶಲಕ್ಕೆ ಕೈಮುಗಿಯಬೇಕು. ಆದರೆ ಅಲ್ಲಿನ ಹಾವಿನ ವಿಷವೂ ಇತರ ಸೀಮೆಗಳ ಹಾವಿನ ವಿಷವೂ ಒಂದೆಯೇ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ಪ್ರಯೋಗಾಲಯ ಈ ಪ್ರಶ್ನೆಯನ್ನು ಎತ್ತಿಕೊಂಡು, ದೇಶದ ನಾನಾ ಭಾಗಗಳ ಹಾವುಗಳ ವಿಷವನ್ನು ಇದೇ ತೂಕದ ವಿದ್ಯೆಯಿಂದ ಬಿಡಿಸಿ ಓದಿತು. 2019ರಲ್ಲಿ ಆ ನಾಲ್ಕರ ಹೊರಗಿನ ಹಾವುಗಳ ಬಗೆಗೆ, 2021ರಲ್ಲಿ ನಾಗರ ಮತ್ತು ಕೊಳಕುಮಂಡಲಗಳ ಬಗೆಗೆ ಅವರ ಲೇಖನಗಳು ಬಂದವು. ಒಂದೇ ಜಾತಿಯ ಹಾವಿನ ವಿಷದ ಪಾಕ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಮಾರುಕಟ್ಟೆಯ ಪ್ರತಿವಿಷ ಕೆಲವು ಸೀಮೆಗಳ ವಿಷಕ್ಕೆ ಸಾಲದು. ರಾತ್ರಿ ಪಾಳಿಯ ವೈದ್ಯರು ದಣಿದು ಆಡಿದ ಮಾತು ತೂಕ ಹಾಕಿ ನೋಡಿದಾಗಲೂ ಸರಿಯಾಗಿತ್ತು.

2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಗರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೇ ತಿಂಗಳು ಸುನಗಾರ್ ಅವರ ಬಳಗವೂ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೂ, ನಾಗರಹಾವು ಕಟ್ಟುಹಾವುಗಳ ಕುಲದ ವಿಷದಲ್ಲಿರುವ ಒಂದು ಮುಖ್ಯ ಪ್ರೋಟೀನಿನ ಗುಂಪನ್ನು ತಡೆಯಬಲ್ಲ ಪ್ರತಿಕಾಯವನ್ನು ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲಿಯೇ ರೂಪಿಸಿದ ಸುದ್ದಿ ಪ್ರಕಟವಾಯಿತು. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಗೆದ್ದಿದೆ. ಮಂಡಲದ ಹಾವಿನ ವಿಷಕ್ಕೆ ಅದು ಮದ್ದಲ್ಲ. ಆ ವಿಷದ ಪಾಕವೇ ಬೇರೆ.

ಈಚೆಗೆ ಒಂದು ಸಂಜೆ ಗದ್ದೆಯ ಬದುವಿನ ಮೇಲೆ ಕುಳಿತು ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆ. ಮಂಡಕ್ಕಿಯ ದೃಷ್ಟಾಂತ ಅವರಿಗೆ ಕೂಡಲೇ ಹಿಡಿಸಿತು. ಕಣದಲ್ಲಿ ಮೊರ ಎತ್ತಿ ಜೊಳ್ಳು ತೂರಿದ ಕೈ ಅವರದು. ಕುದುರೆಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಂದ್ರೆ ನನಗೆ ಆಕಿದ ಮದ್ದು ನಮ್ಮ ಕಡೆ ಹಾವಿಂದಲ್ಲ ಅನ್ರಿ ಮೇಷ್ಟ್ರೇ?’

‘ಅಲ್ಲ ಯಜಮಾನರೇ, ಬಹಳಮಟ್ಟಿಗೆ ತಮಿಳುನಾಡಿನ ಕಡೇದು,’ ಎಂದೆ.

‘ಆಗ್ಲಿ ಬಿಡ್ರಿ, ಅಲ್ಲಿಂದಾದ್ರೂ ಬಂತಲ್ಲ,’ ಎಂದು ಎದ್ದರು. ನಾಲೆಯ ನೀರಿನ ಸರದಿ ಅಂದು ರಾತ್ರಿ ನಮ್ಮದಿತ್ತು. ಮೊಣಕಾಲ ಮಟ್ಟದ ರಬ್ಬರ್ ಬೂಟು ಏರಿಸಿಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು, ತೂಬಿನ ಕಡೆಗೆ ಹೊರಟರು.